ಜಾಗ ಕೊಟ್ಟವರು

ಮುಂಗಾರಿನ ಒಂದೆರಡು ಹದಮಳೆ ಬಿದ್ದ ಮೇಲೆ ಆದವಾನಿಯಿಂದ ಪೆದ್ದಕಡುಬೂರಿನ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಹಸಿರೇ ಹಸಿರು. ರಸ್ತೆಯಂಚಿಗೆ ಬಿಳಿ ಹೂ ತಲೆಗಟ್ಟಿದ ಕಾಂಗ್ರೆಸ್ ಗಿಡ, ಅದರ ಹಿಂದೆ ಒಂದಕ್ಕೊಂದು ಹೆಣೆದುಕೊಂಡ ಬಳ್ಳಾರಿ ಜಾಲಿ, ಜಾಲಿಯಾಚೆ ಎರೆಹೊಲದಲ್ಲಿ ಹತ್ತಿಯ ಎಳೆಸಾಲು, ಬದುವಿನ ಮೇಲೊಂದು ಮುದಿ ಬೇವು, ಅದಕ್ಕೂ ಆಚೆ ಕಲ್ಲುಗುಡ್ಡದ ಬಂಡೆಸಂದಿಗಳಲ್ಲಿ ತಂಗಡಿ, ಬಂದರಿಕೆ, ಕಳ್ಳಿ. ಗಿಡಗಳ ಹೆಸರು ಅಷ್ಟಿಷ್ಟು ತಿಳಿದವರ ಮನಸ್ಸು ಇವನ್ನು ತಡಮಾಡದೆ ಎರಡು ಪಾಲು ಮಾಡಿಬಿಡುತ್ತದೆ: ಇದು ನಮ್ಮ ನೆಲದ್ದು, ಅದು ಹೊರಗಿನಿಂದ ಬಂದದ್ದು. ಪಾಲು ಮಾಡಿದ ಮರುಗಳಿಗೆಯೇ ತೀರ್ಪೂ ಬಂದುಬಿಡುತ್ತದೆ. ಈ ಆತುರ ಗಿಡದ ಬಗ್ಗೆ ಹೇಳುವುದೆಷ್ಟು, ನಮ್ಮ ಬಗ್ಗೆ ಹೇಳುವುದೆಷ್ಟು ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಮೊದಲು ಆ ಹತ್ತಿಯನ್ನೇ ನೋಡೋಣ. ಆದವಾನಿ ಹತ್ತಿ ಪೇಟೆಯೆಂದೇ ಹೆಸರಾದ ಊರು. ಹಿಂದೆ ಅಲ್ಲಿಗೆ ಗಾಡಿಗಟ್ಟಲೆ ಬರುತ್ತಿದ್ದುದು ಜವಾರಿ ಹತ್ತಿ, ಮಳೆ ಕೈಕೊಟ್ಟರೂ ಎರೆಯ ಒಡಲಿನ ತೇವದ ಮೇಲೆಯೇ ಜೀವ ಹಿಡಿಯುತ್ತಿದ್ದ ಗಿಡ. ಈಗ ಹೊಲದಲ್ಲಿರುವುದು ಅಮೆರಿಕ ಮೂಲದ ಜಾತಿ, ಅದರಲ್ಲೂ 2002ರಲ್ಲಿ ಸರ್ಕಾರದ ಒಪ್ಪಿಗೆ ಪಡೆದ ಬಿ.ಟಿ. ತಳಿಗಳ ಪೀಳಿಗೆ. ಪಕ್ಕದ ಮಸಾರಿ ಹೊಲದ ಶೇಂಗಾ ದಕ್ಷಿಣ ಅಮೆರಿಕದ್ದು, ಒಣಗಲು ಹರವಿದ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಿಂದಿಳಿದದ್ದು. ಗುಡ್ಡದಲ್ಲಿ ಯಾರೂ ನೆಡದೆ ಬೆಳೆದು ಬುಟ್ಟಿಬುಟ್ಟಿಯಾಗಿ ಸಂತೆಗೆ ಇಳಿಯುವ ಸೀತಾಫಲವೂ ಕಡಲು ದಾಟಿಯೇ ಬಂತು. ಹುಣಸೆಯ ತವರು ಆಫ್ರಿಕ ಎನ್ನುತ್ತಾರೆ ಬಲ್ಲವರು. ಕುಡುಗೋಲು ತಾಗಿ ಬೆರಳು ಕೊಯ್ದಾಗ ಬದುವಿನಲ್ಲಿ ಕಿತ್ತು, ಅಂಗೈಯಲ್ಲಿ ತಿಕ್ಕಿ, ಹಸಿರು ರಸ ಹಿಂಡುವ ಗಾಯದ ಸೊಪ್ಪು ಇದೆಯಲ್ಲ, ಉದ್ದ ದಂಟಿನ ತುದಿಗೆ ಬೆಳ್ಳನೆ ಎಸಳಿನ, ಹಳದಿ ನಡುವಿನ ಪುಟ್ಟ ಹೂ ಬಿಡುವಂಥದು, ಅದರ ಮೂಲ ಮಧ್ಯ ಅಮೆರಿಕ ಎಂದರೆ ಕಳೆ ತೆಗೆಯುವ ಹೆಣ್ಣುಮಕ್ಕಳು ನಕ್ಕಾರು. ಇವುಗಳಲ್ಲಿ ಯಾವುದನ್ನೂ ನಾವು ಪರದೇಶಿ ಎಂದು ದೂರುವುದಿಲ್ಲ. ಉಪಕಾರಕ್ಕೆ ಬಿದ್ದ ಗಿಡದ ಊರನ್ನು ಯಾರೂ ವಿಚಾರಿಸುವುದಿಲ್ಲವಷ್ಟೆ?

ಇನ್ನು ನಮ್ಮದೇ ನೆಲದ ಗಿಡವೆಲ್ಲ ಸಾಧುವೇ? ಗಣಪನಿಗೆ ಪ್ರಿಯವಾದ ಗರಿಕೆಗಿಂತ ಹೆಚ್ಚು ಸ್ವಂತದ ಹುಲ್ಲು ನಮಗೆ ಮತ್ತೊಂದಿಲ್ಲ. ಅದೇ ಗರಿಕೆ ಎರೆಹೊಲಕ್ಕೆ ಹೊಕ್ಕರೆ ಒಕ್ಕಲಿಗನ ಎದೆ ಒಡೆಯುತ್ತದೆ. ಬೇಸಿಗೆಯಲ್ಲಿ ಎರೆ ಬಾಯಿಬಿಟ್ಟಾಗ ಆ ಬಿರುಕುಗಳಲ್ಲಿ ಅದರ ಬಿಳಿ ಬೇರುಗಳು ನೇಗಿಲಿಗೆ ಸಿಗದಷ್ಟು ಆಳಕ್ಕೆ ಇಳಿದಿರುತ್ತವೆ. ಹಿಂದಿನವರು ಹಾರೆ ಹಾಕಿ, ಆಳೆತ್ತರಕ್ಕೆ ಅಲ್ಲದಿದ್ದರೂ ಮೊಣಕಾಲಾಳಕ್ಕೆ ಅಗೆದು, ಕಲ್ಲಿನಂಥ ಹೆಂಟೆಗಳನ್ನು ಮಗುಚಿ, ಒಂದೊಂದೇ ಬೇರನ್ನು ಹೆಕ್ಕಿ ಬಿಸಿಲಿಗೆ ಹರವುತ್ತಿದ್ದರು. ಒಂದು ಗೆಣ್ಣು ಉಳಿದರೂ ಮುಂದಿನ ಮಳೆಗೆ ಮತ್ತೆ ಹಸಿರು. ಭಾದ್ರಪದದ ಚೌತಿಗೆ ಇಪ್ಪತ್ತೊಂದು ಎಸಳು ಆರಿಸಿ ತಂದು ಏರಿಸುವ ಕೈಯೂ, ಹೊಲದಲ್ಲಿ ಅದನ್ನು ಶಪಿಸುತ್ತ ಕೀಳುವ ಕೈಯೂ ಒಂದೇ ಮನೆಯದು. ಇದರಲ್ಲಿ ಆ ಮನೆಯವರಿಗೆ ವಿರೋಧವೇನೂ ಕಾಣುವುದಿಲ್ಲ, ಅದು ಅವರ ದೊಡ್ಡತನವೆಂದೇ ನನಗೆ ತೋರುತ್ತದೆ. ಗಿಡ ಒಳ್ಳೆಯದೋ ಕೆಟ್ಟದೋ ಎಂಬುದು ಅದು ನಿಂತ ಜಾಗದ ಮಾತೆಂದು ಅವರಿಗೆ ಗೊತ್ತು.

ಜಾಗದ ಮಾತು ಬಂದಾಗ ಕಾಲುವೆಯನ್ನೂ ನೆನೆಯಬೇಕು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಒಣಸೀಮೆಗೆ ನೀರು ತಂದಾಗ ನೀರಿನ ಜೊತೆ ಜಿನುಗೂ ಬಂತು. ಜಿನುಗು ನಿಂತಲ್ಲೆಲ್ಲ ಜೊಂಡು ಎದ್ದಿತು. ಜೊಂಡು ಇಲ್ಲಿಯದೇ, ಎಲ್ಲೋ ಒಂದು ಕೆರೆಯ ಬಾಲದಲ್ಲಿ ತನ್ನಷ್ಟಕ್ಕೆ ತಾನಿದ್ದದ್ದು. ಅದನ್ನು ಕಳೆ ಮಾಡಿದ್ದು ನಾವು ನಿಲ್ಲಿಸಿದ ನೀರು.

ಬಳ್ಳಾರಿ ಜಾಲಿಯ ಕತೆಯನ್ನು ಇನ್ನೂ ನಿಧಾನವಾಗಿ ಕೇಳಬೇಕು. 1871ರಲ್ಲಿ ಮದರಾಸಿನ ರೈಲುದಾರಿ ಆದವಾನಿ, ಕೋಸಿಗಿಗಳನ್ನು ದಾಟಿ ರಾಯಚೂರು ಮುಟ್ಟಿ, ಮುಂಬಯಿಯ ದಾರಿಯನ್ನು ಕೂಡಿಕೊಂಡಿತು. ಆ ಕಾಲದ ಉಗಿಬಂಡಿಗಳ ಹೊಟ್ಟೆಗೆ ಸೌದೆಯೇ ಆಹಾರ. ಮೊದಲೇ ತೆಳ್ಳಗಿದ್ದ ಕುರುಚಲು ಕಾಡು ಹಳಿಯ ಎರಡೂ ಬದಿಗೆ ಬೋಳಾಗುತ್ತ ಬಂತು. ಅದರ ಬೆನ್ನಿಗೇ 1876ರಿಂದ 1878ರವರೆಗಿನ ಬರ, ಹಿರಿಯರು ಧಾತು ಈಶ್ವರದ ಬರವೆಂದು ಮೂರು ತಲೆಮಾರು ಹೇಳಿಕೊಂಡು ಬಂದದ್ದು. ಬಳ್ಳಾರಿ, ಕರ್ನೂಲು ಜಿಲ್ಲೆಗಳು ಅದರ ನಟ್ಟನಡುವೆ ಇದ್ದವು. ಜನ ಸತ್ತರು, ದನ ಸತ್ತವು, ಊರಿಗೆ ಊರು ಎದ್ದು ಹೋದವು. ಇಂಥ ಹೊತ್ತಿನಲ್ಲಿ, 1876ರಲ್ಲಿ, ಎಂಥ ಒಣನೆಲದಲ್ಲೂ ಬದುಕುವ ಈ ಮುಳ್ಳುಮರದ ಬೀಜ ತರಿಸಬೇಕೆಂದು ಮದರಾಸು ಸರ್ಕಾರಕ್ಕೆ ಬರೆದವರು ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್. ಜಮೈಕಾದಿಂದ ಬೀಜ ಬಂತು, 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದ ಬಳಿ ಬಿತ್ತಿದರು.

ಬೆಡ್ಡೋಮ್ ಸಾಮಾನ್ಯ ಅಧಿಕಾರಿಯಲ್ಲ. ದಕ್ಷಿಣ ಭಾರತದ ಜರಿಗಿಡಗಳ ಮೇಲೆ, ಕಾಡುಮರಗಳ ಮೇಲೆ ಚಿತ್ರಸಹಿತ ಗ್ರಂಥಗಳನ್ನು ರಚಿಸಿದವರು, ಈ ನೆಲದ ಗಿಡಮರಗಳನ್ನು ಅವರಷ್ಟು ಬಲ್ಲವರು ಆ ಕಾಲದಲ್ಲಿ ಬೆರಳೆಣಿಕೆಯ ಮಂದಿ. ಅಂಥವರೇ ಹೊರಗಿನ ಬೀಜಕ್ಕೆ ಕೈಚಾಚಿದರು. ಇಂದು ಕುಳಿತು ಅವರನ್ನು ದೂರುವುದು ಬಲು ಸುಲಭ. ಆದರೆ ಕಣ್ಣೆದುರು ಒಲೆಯುರಿಸಲು ಕಡ್ಡಿಯಿಲ್ಲದ ಸೀಮೆಯನ್ನು ಇಟ್ಟುಕೊಂಡು, ನೂರೈವತ್ತು ವರ್ಷದಾಚೆಯ ಬೇಲಿಯನ್ನು ಊಹಿಸಬೇಕಿತ್ತು ಎನ್ನುವುದು ನ್ಯಾಯವೇ? ಬೀಜ ಬಂದದ್ದು ಜಮೈಕಾದಿಂದ, ನಿಜ. ಅದಕ್ಕೆ ಜಾಗ ಖಾಲಿ ಮಾಡಿಟ್ಟವರು ಜಮೈಕಾದವರಲ್ಲ.

ಆಮೇಲಿನ ಕೆಲಸವನ್ನು ಮರ ತಾನೇ ನೋಡಿಕೊಂಡಿತು. ಅದರ ಒಂದು ಕಾಯಿಯನ್ನು ಮುರಿದು ನೋಡಿ: ನಸುಹಳದಿ, ತುಸು ಬಾಗಿದ, ಬೆರಳಿಗೆ ಅಂಟುವ ಸಿಹಿ ತಿರುಳು, ತಿರುಳಿನೊಳಗೆ ಗಟ್ಟಿ ಚಿಪ್ಪಿನ ಕೋಣೆಗಳಲ್ಲಿ ಕೂತ ಕಂದು ಬೀಜಗಳು. ಸಿಹಿಯೆಲ್ಲ ಆಡು ದನಗಳಿಗೆ ಕೊಟ್ಟ ಕೂಲಿ. ಚೈತ್ರ ವೈಶಾಖದಲ್ಲಿ ಬೇರೆ ಮೇವಿಲ್ಲದಾಗ ಅವು ಇದನ್ನು ಹುಡುಕಿಕೊಂಡು ತಿನ್ನುತ್ತವೆ. ತಿರುಳು ಕರಗುತ್ತದೆ, ಬೀಜ ಕರಗುವುದಿಲ್ಲ, ಹೊಟ್ಟೆಯೊಳಗಿನ ಪಯಣದಲ್ಲಿ ಅದರ ಸಿಪ್ಪೆ ಮೆದುವಾಗಿ ಮೊಳೆಯಲು ಇನ್ನಷ್ಟು ಸಿದ್ಧವಾಗುತ್ತದೆ. ಮಳೆಗಾಲದಲ್ಲಿ ಗೋಮಾಳದ ಒಣಗಿದ ಸಗಣಿಯನ್ನು ಕಾಲಿನಿಂದ ಮಗುಚಿದರೆ ಒಂದೇ ಮುದ್ದೆಯಲ್ಲಿ ಹತ್ತಾರು ಎಳೆ ಮೊಳಕೆ. ಅಂದರೆ ಬಿತ್ತಿದ್ದೂ ನಮ್ಮ ದನವೇ, ಗೊಬ್ಬರ ಕೊಟ್ಟಿದ್ದೂ ನಮ್ಮ ದನವೇ.

ಇದೇ ಕುಲದ ಇನ್ನೊಂದು ಮರ ಇಲ್ಲಿ ಮೊದಲಿಂದಲೂ ಇದೆ: ಬನ್ನಿ. ಬಳ್ಳಾರಿ ಜಾಲಿಯ ಅಡಿಯಲ್ಲಿ ಹುಲ್ಲೂ ಕಷ್ಟಪಟ್ಟು ಬೆಳೆದರೆ, ಬನ್ನಿಯ ಅಡಿಯಲ್ಲಿ ಪೈರು ನಳನಳಿಸುತ್ತದೆ. ಆಲೂರು ಕಡೆಯ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳಮಲ್ಲೇಶ್ವರನ ಬನ್ನಿ ಉತ್ಸವಕ್ಕೆ ಸುತ್ತಲ ಊರುಗಳ ಜನ ದೊಣ್ಣೆ ಹಿಡಿದು ಸೇರುವುದು, ತಲೆಗಳು ಒಡೆಯುವುದು, ಮರುದಿನ ಪತ್ರಿಕೆಗಳಲ್ಲಿ ಅದರದೇ ಸುದ್ದಿಯಾಗುವುದು ಎಲ್ಲರಿಗೂ ಗೊತ್ತು. ಹಬ್ಬದಲ್ಲಿ ಬನ್ನಿಗೆ ಇಷ್ಟು ಜೀವವಿದೆ. ಹೊಲದಲ್ಲಿ? ಟ್ರ್ಯಾಕ್ಟರ್ ತಿರುಗಲು ಅಡ್ಡವೆಂದೋ, ನೆರಳಿಗೆ ನಾಲ್ಕು ಸಾಲು ಹತ್ತಿ ಹೋಯಿತೆಂದೋ ಹೊಲದ ನಡುವಿನ ಮರಗಳು ಒಂದೊಂದಾಗಿ ಉರುಳುತ್ತವೆ. ಪೂಜೆಗೆ ಒಂದು ಮರ ಸಾಕಲ್ಲವೇ. ಭಕ್ತಿಗೆ ಅಷ್ಟು ಕಡಿಮೆ ಜಾಗ ಹಿಡಿಯುತ್ತದೆ, ನನ್ನ ಮಟ್ಟಿಗೆ ಜಾಲಿ ಹರಡಿದ್ದಕ್ಕಿಂತ ನೋಯಿಸುವ ಸಂಗತಿಯಿದು.

ಗಿಡಗಳ ಬಗ್ಗೆ ಆಡುವ ಮಾತನ್ನು ಮನುಷ್ಯರ ಮೇಲೆ ಹೊರಳಿಸುವುದು ಅಪಾಯವೆಂದು ಬಲ್ಲೆ, ಆದರೂ ಈ ಸೀಮೆಯಲ್ಲಿ ನಿಂತು ಒಳಗಿನವರು ಹೊರಗಿನವರು ಎನ್ನುವಾಗ ನಾಲಿಗೆ ತುಸು ತಡೆಯುತ್ತದೆ. 1953ರ ಅಕ್ಟೋಬರ್ 1ರವರೆಗೆ ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಅಂದು ಆದವಾನಿ, ಆಲೂರು, ರಾಯದುರ್ಗ ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು, ಬಳ್ಳಾರಿಯ ಉಳಿದ ಬಹುಪಾಲು ಮೈಸೂರಿಗೆ ಹೋಯಿತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಮಂತ್ರಾಲಯಕ್ಕೆ ಬಂದ ಭಕ್ತರೊಡನೆ ಬಂದ ಭಾಷೆ ಎಂದು ಬದುಕಿದ್ದ ಕುಟುಂಬಗಳು ಒಂದು ಹೆಜ್ಜೆಯನ್ನೂ ಇಡದೆ ಲೆಕ್ಕಪತ್ರದಲ್ಲಿ ಅಲ್ಪಸಂಖ್ಯಾತರಾದವು. ಮೂಲ ಎಂಬುದು ನೆಲದ ಮೇಲೆ ಎಷ್ಟಿದೆಯೋ ಕಾಗದದ ಮೇಲೂ ಅಷ್ಟೇ ಇದೆ ಎಂದು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ತಂದ ತಪ್ಪನ್ನು ಇನ್ನೊಂದನ್ನು ತಂದು ತಿದ್ದುವ ಅಭ್ಯಾಸವೂ ನಮಗೆ ಹಳೆಯದು. ಜಾಲಿಗೆ ಮುಂಚೆ ಈ ಕಡೆಯ ಬೇಲಿಗಳಲ್ಲಿ ಪಾಪಾಸುಕಳ್ಳಿ ಇತ್ತು, ಅದೂ ಅಮೆರಿಕದ್ದೇ. ಬೇಲಿ ಬಿಟ್ಟು ಹೊಲ ಹೊಕ್ಕಾಗ, 1926ರಲ್ಲಿ ಸಿಂಹಳದಿಂದ ಒಂದು ಹಿಟ್ಟುತಿಗಣೆಯಂಥ ಕೀಟವನ್ನು ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ದಕ್ಷಿಣದ ಕಳ್ಳಿಪೊದೆಗಳು ಕೊಳೆತು ಕುಸಿದವು, ಕೀಟದಿಂದ ಕಳೆ ಗೆದ್ದ ದೊಡ್ಡ ಉದಾಹರಣೆಯೆಂದು ಪುಸ್ತಕ ಸೇರಿತು. ಬೇಲಿಯ ಕೆಲಸ ಮಾತ್ರ ಹಾಗೇ ಉಳಿದಿತ್ತು, ಅದು ಜಾಲಿಯ ಪಾಲಿಗೆ ಬಂತು. ಕಾಂಗ್ರೆಸ್ ಗಿಡದ ಮೇಲೂ ಅಂಥದೇ ಪ್ರಯೋಗ ನಡೆಯಿತು: 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಮೆಕ್ಸಿಕೋ ದುಂಬಿ ಮಳೆಗಾಲದಲ್ಲಿ ಎಲೆಯೆಲ್ಲ ಮೇದು, ಒಣಗಾಲ ಬಂದೊಡನೆ ಮಣ್ಣೊಳಗೆ ಮಲಗುತ್ತದೆ. ಒಣಗಾಲವೇ ಉದ್ದವಾದ ಈ ಸೀಮೆಯಲ್ಲಿ ಅದರ ಆಟ ಎಷ್ಟು ದಿನ? ಆ ಗಿಡ ಅಮೆರಿಕದ ಪಿ.ಎಲ್. 480 ಒಪ್ಪಂದದ ಗೋಧಿಯ ಜೊತೆ ಬಂತೆಂದು ಎಲ್ಲರೂ ಹೇಳುತ್ತೇವೆ. ಅದು ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1955ರಲ್ಲಿ, ಆ ಒಪ್ಪಂದಕ್ಕೆ ಸಹಿ ಬಿದ್ದದ್ದು 1956ರಲ್ಲಿ. ಅದಕ್ಕೂ ಮುಂಚೆ ಅಮೆರಿಕದ ಗೋಧಿ ಬಂದಿತ್ತು ಎಂಬುದೂ ನಿಜವೇ, ಆದ್ದರಿಂದ ವಾದ ಮುಗಿಯುವುದಿಲ್ಲ. ನನಗೆ ಕುತೂಹಲವಾದದ್ದು ಬೇರೆ. ಎಲ್ಲಿಂದ ಬಂತೆಂಬುದಕ್ಕೆ ಎಲ್ಲರ ಬಳಿಯೂ ಉತ್ತರವಿದೆ. ಅದೇ ಗಿಡ ದಟ್ಟ ಹುಲ್ಲಿರುವಲ್ಲಿ ಅಪರೂಪವಾಗಿ, ಅಗೆದು ಬಿಟ್ಟ ರಸ್ತೆಯಂಚಿನಲ್ಲಿ, ಮೇಯಿಸಿ ಬೋಳಾದ ಗೋಮಾಳದಲ್ಲಿ, ಉಳದೆ ಬಿಟ್ಟ ಹೊಲದಲ್ಲಿ ಸಂತೆ ನೆರೆದಂತೆ ನೆರೆಯುವುದೇಕೆಂದು ಕೇಳುವವರು ಕಡಿಮೆ. ಮೊದಲ ಪ್ರಶ್ನೆ ಬೆರಳನ್ನು ದೂರಕ್ಕೆ ಚಾಚುತ್ತದೆ, ಎರಡನೆಯದು ನಮ್ಮ ಅಂಗಳಕ್ಕೇ ಕರೆತರುತ್ತದೆ. ಯಾವುದು ಸುಲಭವೆಂದು ಬಿಡಿಸಿ ಹೇಳಬೇಕೇ?

ಇಷ್ಟೆಲ್ಲ ಹೇಳಿದ ಮೇಲೂ ಜಾಲಿಗೆ ವಕಾಲತ್ತು ವಹಿಸುವ ಇರಾದೆ ನನಗಿಲ್ಲ. ಕಾಲಿಗೆ ನೆಟ್ಟ ಅದರ ಮುಳ್ಳು ವಾರಗಟ್ಟಲೆ ಕೀವಾಗಿ ಕಾಡುವುದನ್ನು, ಒಂದು ಕೆರೆಯ ಅಂಗಳ ಪೂರ್ತಿ ಅದರ ಪಾಲಾದದ್ದನ್ನು ಕಂಡವರು ಹಾಗೆ ಮಾಡಲಾರರು. ಆದರೆ ತಲೆಯ ಮೇಲೆ ಅದರದೇ ಹೊರೆ ಹೊತ್ತು ಬರುವ ಮುದುಕಿಯನ್ನು ಕೇಳಿದರೆ ಬೇರೆಯೇ ಉತ್ತರ. "ಹೋಗ್ಲಿ ಬಿಡಪ್ಪಾ, ಅದಿಲ್ಲಂದ್ರ ನಮ್ಮ ಒಲಿ ಹೆಂಗ ಉರೀಬೇಕು" ಎಂದು ಹೊರೆ ಇಳಿಸದೆಯೇ ಹೇಳಿ ಮುಂದೆ ನಡೆಯುತ್ತಾಳೆ. ತುಂಡು ನೆಲವಿಲ್ಲದವರಿಗೆ ಯಾರನ್ನೂ ಕೇಳದೆ ಕಡಿಯಬಹುದಾದ ಮರ ಅದೊಂದೇ. ಹಸಿಯಾಗಿದ್ದರೂ ಉರಿಯುತ್ತದೆ, ಸುಟ್ಟರೆ ಒಳ್ಳೆಯ ಇದ್ದಿಲು, ಕೈಯಲ್ಲಿ ನಾಲ್ಕು ಕಾಸು. ಪರಿಸರದ ಸಭೆಗಳಲ್ಲಿ ಜಾಲಿಯ ನಿರ್ಮೂಲನದ ಮಾತು ಬಂದಾಗ ಈಕೆಯ ಒಲೆಯ ಮಾತೂ ಬರುತ್ತದೆಯೇ?

ಈ ಭಾಗದ ಪೆದ್ದಕಡುಬೂರು, ಕೋಸಿಗಿ, ಮಂತ್ರಾಲಯ ಮಂಡಲಗಳ ಊರುಗಳಿಂದ ಜನ ಗುಳೆ ಹೋಗುವುದು ವರ್ಷವೂ ನಡೆಯುವ ಸಂಗತಿ. ಮಳೆ ಕೈಕೊಟ್ಟು ಹತ್ತಿ ಕೈಗೆ ಹತ್ತದಿದ್ದರೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟೋ ಜೊತೆಗೇ ಕರೆದುಕೊಂಡೋ, ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಹೋದವರ ಹೊಲ ಒಂದು ವರ್ಷ ಬೀಳುಬಿದ್ದರೆ ಅಂಚಿನ ಜಾಲಿ ಎರಡು ಮಾರು ಒಳಗೆ ಬರುತ್ತದೆ. ಎರಡು ಮೂರು ವರ್ಷ ಕಳೆದರೆ ಮರಳಿ ಬಂದವನಿಗೆ ತನ್ನ ಬದುವೇ ಗುರುತು ಸಿಗದು. ಕೊಡಲಿಯಿಂದ ಕಡಿದದ್ದು ಬುಡದಿಂದ ಮತ್ತೆ ಚಿಗುರುತ್ತದೆ. ಬೊಡ್ಡೆ ಸಮೇತ ಕೀಳಿಸಲು ಜೆಸಿಬಿ ಬೇಕು, ಜೆಸಿಬಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಬೇಕು, ಆ ದುಡ್ಡಿಗಾಗಿ ಇನ್ನೊಂದು ಸಲ ಗುಂಟೂರಿಗೆ ಹೋಗಬೇಕು.