ದಿನದ ಧಮ್ಮ ಚಿಂತನೆ: ಹೊರಡುವವರೂ ಸೂರು ನೋಡಬೇಕು



ಕಳೆದ ಭಾನುವಾರ ಪಾಠ ಮುಗಿದ ಮೇಲೆ ಒಬ್ಬ ಸಹೋದರಿ ಒಂದು ಪ್ರಶ್ನೆ ಇಟ್ಟರು. ಅವರ ಯಜಮಾನರ ಕೆಲಸವೇ ಊರೂರು ತಿರುಗುವುದು, ವಾರದಲ್ಲಿ ನಾಲ್ಕು ರಾತ್ರಿ ಹೊರಗೆ. ಮನೆಗೆ ಬಂದರೆ ಬ್ಯಾಗು ಹಾಲ್‌ನಲ್ಲಿ, ಬಟ್ಟೆ ಕುರ್ಚಿಯ ಮೇಲೆ, ಕಣ್ಣು ಮೊಬೈಲಿನಲ್ಲಿ. ಬೆಳಗಾದರೆ ಮತ್ತೆ ಪಯಣ. "ಮನೆ ಲಾಡ್ಜ್ ಆಗಿದೆ ಕಣಕ್ಕಾ" ಅಂದರು. ಕೇಳಿದರೆ ಯಜಮಾನರ ಉತ್ತರ ಸಿದ್ಧ: "ಎಲ್ಲ ಅನಿತ್ಯ ಅಂತ ನೀವೇ ಓದ್ತೀರಲ್ಲ. ಬುದ್ಧರೂ ಮನೆ ಬಿಟ್ಟೇ ಹೋದರು. ಈ ಗೋಡೆಗಳ ಮೇಲೆ ಅಷ್ಟು ಮೋಹ ಯಾಕೆ?" ಇದು ಧಮ್ಮವೇ ಎಂಬುದು ಆ ತಾಯಿಯ ಪ್ರಶ್ನೆ.

ಬಂಧುಗಳೇ, ಭಗವಾನರು 45 ವರ್ಷ ನಡೆದರು. ಅವರಷ್ಟು ತಿರುಗಾಡಿದವರನ್ನು ಹುಡುಕುವುದು ಕಷ್ಟ. ಹಾಗೆಂದು ತಿರುಗಾಡುವವರಿಗೆ ಸೂರಿನ ಚಿಂತೆ ಬೇಡ ಎಂದು ಅವರು ಹೇಳಿದರೇ? ವಿನಯಪಿಟಕ ತೆರೆದರೆ ಕಾಣುವುದೇ ಬೇರೆ. ಚುಲ್ಲವಗ್ಗದಲ್ಲಿ ಭಿಕ್ಖುಗಳಿಗೆ ಹೇಳಿದ ಮೂರು ಕರ್ತವ್ಯಗಳಿವೆ. ಬರುವವರದು ಆಗಂತುಕ ವತ್ತ, ಇರುವವರದು ಆವಾಸಿಕ ವತ್ತ, ಹೊರಡುವವರದು ಗಮಿಕ ವತ್ತ.

ಹೊರಡುವ ಭಿಕ್ಖು ಸುಮ್ಮನೆ ಪಾತ್ರೆ ಹಿಡಿದು ನಡೆಯುವಂತಿಲ್ಲ. ಮರದ ಸಾಮಾನು, ಮಣ್ಣಿನ ಸಾಮಾನು ಎತ್ತಿಡಬೇಕು. ಬಾಗಿಲು ಕಿಟಕಿ ಮುಚ್ಚಬೇಕು. ತಾನಿದ್ದ ವಸತಿಯನ್ನು ಇನ್ನೊಬ್ಬರಿಗೆ ತಿಳಿಸಿ ಒಪ್ಪಿಸಬೇಕು. ಯಾರೂ ಇಲ್ಲದಿದ್ದರೆ ನಾಲ್ಕು ಕಲ್ಲುಗಳ ಮೇಲೆ ಮಂಚವಿಟ್ಟು, ಅದರ ಮೇಲೆ ಹಾಸಿಗೆ ಹೊದಿಕೆ ಪೇರಿಸಿ ಹೊರಡಬೇಕು. ಗೆದ್ದಲಿನ ಕಾಟ ಕಂಡ ನಮಗೆ ಆ ನಾಲ್ಕು ಕಲ್ಲುಗಳ ಬೆಲೆ ಗೊತ್ತು. ಇನ್ನೂ ಒಂದು ಮಾತಿದೆ. ಮಾಡು ಸೋರುತ್ತಿದ್ದರೆ, ಕೈಲಾದರೆ ತಾನೇ ಹೊದಿಸಬೇಕು. ಆಗದಿದ್ದರೆ ಹೊದಿಸುವ ಪ್ರಯತ್ನವನ್ನಾದರೂ ಮಾಡಬೇಕು.

ಇದನ್ನು ನಿಧಾನವಾಗಿ ಯೋಚಿಸಿ. ಆ ಭಿಕ್ಖು ಆ ಕುಟಿಗೆ ಮತ್ತೆ ಬರುತ್ತಾನೆಂಬ ಖಾತ್ರಿ ಇಲ್ಲ. ಅದು ಅವನ ಆಸ್ತಿಯೂ ಅಲ್ಲ. ಆದರೂ ಮಾಡು ನೋಡಿ ಹೊರಡಬೇಕು. ಏಕೆಂದರೆ ನಾಳೆ ಅಲ್ಲಿ ಇನ್ನೊಬ್ಬರು ಮಲಗುತ್ತಾರೆ. ಅನಿತ್ಯವನ್ನು ಅರಿತವನ ನಡೆ ಇದು. ಮಾಡು ಅನಿತ್ಯ, ಅದಕ್ಕೇ ಸೋರುತ್ತದೆ. ಸೋರುತ್ತದೆ, ಅದಕ್ಕೇ ಯಾರಾದರೂ ಏಣಿ ಹತ್ತಬೇಕು. ಅನಿತ್ಯದ ಹೆಸರು ಹೇಳಿ ಏಣಿಯನ್ನು ಬೇರೆಯವರ ಹೆಗಲಿಗೆ ಹೊರಿಸುವುದು ವೈರಾಗ್ಯವಲ್ಲ, ಸೋಮಾರಿತನ. ಮೋಹ ಬೇರೆ, ಹೊಣೆ ಬೇರೆ.

ಈಗ ಬರುವವರ ಕರ್ತವ್ಯ. ಆರಾಮಕ್ಕೆ ಬರುವ ಭಿಕ್ಖು ಚಪ್ಪಲಿ ಬಿಚ್ಚಿ, ಧೂಳು ಕೊಡವಿ, ಅವಸರವಿಲ್ಲದೆ ಒಳಗೆ ಕಾಲಿಡಬೇಕು. ಕುಡಿಯುವ ನೀರು ಯಾವುದು, ಬಳಸುವ ನೀರು ಯಾವುದು ಎಂದು ಕೇಳಬೇಕು. ವಸತಿಯಲ್ಲಿ ಕಸವಿದ್ದರೆ ಗುಡಿಸಬೇಕು. ಕುಡಿಯುವ ನೀರು ಇಲ್ಲದಿದ್ದರೆ ತಾನೇ ತಂದಿಡಬೇಕು. ದಣಿದು ಬಂದವನೂ ಕೊಡ ತುಂಬಿಸುತ್ತಾನೆ. ಲಾಡ್ಜಿಗೆ ಬಂದವನು ಕೊಡ ತುಂಬಿಸುವುದಿಲ್ಲ. ಮನೆಗೂ ಲಾಡ್ಜಿಗೂ ಇರುವ ವ್ಯತ್ಯಾಸ ಇಷ್ಟೇ.

ಇರುವವರು ಹಿರಿಯ ಅತಿಥಿ ಬಂದಾಗ ಆಸನ ಹಾಕಿ, ಕಾಲಿಗೆ ನೀರಿಟ್ಟು, ಎದುರು ಹೋಗಿ ಕೈಯಲ್ಲಿದ್ದುದನ್ನು ಇಸಿದುಕೊಂಡು, ಕುಡಿಯಲು ನೀರು ಬೇಕೇ ಎಂದು ಕೇಳಬೇಕು. ಇಲ್ಲಿ ನಾವು ಎಚ್ಚರವಾಗಿರಬೇಕು. ‘ಇರುವವರು’ ಎಂದ ಕೂಡಲೇ ನಮ್ಮ ಸಮಾಜ ಹೆಂಗಸರ ಕಡೆ ಬೆರಳು ತೋರಿಸುತ್ತದೆ. ವಿನಯದಲ್ಲಿ ಹಾಗಿಲ್ಲ. ಇಂದು ಇರುವವನೇ ನಾಳೆ ಹೊರಡುವವನು, ಹೊರಟವನೇ ನಾಡಿದ್ದು ಬರುವವನು. ಮೂರೂ ಕರ್ತವ್ಯ ಎಲ್ಲರವು. ನನ್ನಂಥ ಶಿಕ್ಷಕಿಯರು ಚುನಾವಣಾ ಕೆಲಸ ಮುಗಿಸಿ ನಡುರಾತ್ರಿ ಮನೆ ಸೇರುತ್ತೇವೆ. ಆ ಹೊತ್ತು ಆವಾಸಿಕ ವತ್ತ ಮನೆಯ ಗಂಡಸರದು, ಮಕ್ಕಳದು. ಒಂದು ಲೋಟ ನೀರು, ಮುಚ್ಚಿಟ್ಟ ಅನ್ನ, ಉರಿಯುತ್ತಿರುವ ಒಂದು ದೀಪ ಸಾಕು.

ಬಾಗಿಲಲ್ಲಿ ಕೊಡುವ ನೀರು ನಮ್ಮ ಪಾಲಿಗೆ ಸಣ್ಣ ಮಾತಲ್ಲ. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ತಮ್ಮ ಬಾಲ್ಯದ ಪಯಣ ಬರೆದಿದ್ದಾರೆ. ತಂದೆಯನ್ನು ನೋಡಲು ಕೋರೆಗಾಂವ್‌ಗೆ ಹೊರಟ ಮಕ್ಕಳು ಮಸೂರ್ ನಿಲ್ದಾಣದಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಗಾಡಿಯವರು ಒಲ್ಲೆ ಅಂದರು. ಬುತ್ತಿ ಜೊತೆಗಿತ್ತು, ಕುಡಿಯಲು ನೀರು ಸಿಗಲಿಲ್ಲ. ಆ ರಾತ್ರಿ ಹಸಿದೇ ಕಳೆದರು. ದಾರಿಯಲ್ಲಿ ಹೀಗೆ ಬಾಯಾರಿದ ಹುಡುಗ ಮುಂದೆ ಬೆಳೆದು ದಾದರಿನಲ್ಲಿ ತಮ್ಮ ಪುಸ್ತಕಗಳಿಗೂ ಜಾಗವಿರುವ ಮನೆ ಕಟ್ಟಿಸಿ, ಬಿಂಬಿಸಾರನ ಮಗಧದ ರಾಜಧಾನಿಯ ಹೆಸರಿಟ್ಟರು: ರಾಜಗೃಹ. ಜಾತಿ ಕೇಳದೆ ನೀರು ಕೊಡುವ ಮನೆಯನ್ನು ಇಟ್ಟುಕೊಳ್ಳುವುದು ಅವರ ಅನುಯಾಯಿಗಳಾದ ನಮಗೆ ಶೋಕಿಯಲ್ಲ, ಸಾಧನೆ. ಮನೆ ಎಷ್ಟು ದೊಡ್ಡದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಹಾಗಾದರೆ ತಿರುಗಾಟ ಬಿಡಬೇಕೇ? ಹೊಟ್ಟೆಪಾಡಿನ ತಿರುಗಾಟ ಬಿಡಲಾಗದು. ಇದಕ್ಕೂ ವಿನಯದಲ್ಲಿ ಮಾದರಿ ಇದೆ. ಮಳೆಗಾಲದ ಮೂರು ತಿಂಗಳು ಭಿಕ್ಖುಗಳು ಒಂದೇ ಕಡೆ ನೆಲೆಸಬೇಕು, ಅದು ವರ್ಷಾವಾಸ. ಆದರೂ ಅಗತ್ಯ ಬಿದ್ದರೆ ಏಳು ದಿನಗಳೊಳಗೆ ಮರಳುವಂತೆ ಹೋಗಿಬರಲು ಅನುಮತಿಯುಂಟು. ತಂದೆ ತಾಯಿಗೆ ಕಾಯಿಲೆಯಾದರೆ ಕರೆ ಬರದಿದ್ದರೂ ಹೋಗಬಹುದು. ಹೋಗುವುದಕ್ಕೆ ಕಾರಣವಿದೆ, ಬರುವುದಕ್ಕೆ ಗಡುವಿದೆ, ಉಳಿಯುವುದಕ್ಕೆ ಕಾಲವಿದೆ. ಗೃಹಸ್ಥರೂ ಹೀಗೆ ಮಾಡಬಹುದು. ಯಾವ ದಿನ ಬರುತ್ತೇನೆಂದು ಹೇಳಿ ಹೋಗಬಹುದು. ತಿಂಗಳಲ್ಲಿ ಕೆಲವು ದಿನಗಳನ್ನಾದರೂ ಯಾವ ಕೆಲಸಕ್ಕೂ ಬಿಟ್ಟುಕೊಡದೆ ಮನೆಗೆ ಕಟ್ಟಿಡಬಹುದು.

ಆ ಸಹೋದರಿಗೆ ನನ್ನ ಉತ್ತರ ಇಷ್ಟು: ಧಮ್ಮ ನಿಮ್ಮ ಕಡೆಗಿದೆ ತಾಯಿ. ಈ ಮೂರು ವತ್ತಗಳನ್ನು ಜಗಳಕ್ಕಲ್ಲ, ಇಬ್ಬರೂ ಜೊತೆಗೆ ಕೂತು ಓದುವುದಕ್ಕೆ ಬಳಸಿ.

*ಇಂದಿನ ಅಭ್ಯಾಸ:* ಮನೆಯಿಂದ ಹೊರಡುವ ಮುನ್ನ ಐದು ನಿಮಿಷ. ನಿಮ್ಮ ಹಾಸಿಗೆ ಮಡಚಿ, ಕುಡಿದ ಲೋಟ ತೊಳೆದಿಡಿ, ನೀರಿನ ಕೊಡ ನೋಡಿ. ಕನ್ನಡದಲ್ಲಿ ನಾವು ‘ಹೋಗುತ್ತೇನೆ’ ಅನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಅನ್ನುತ್ತೇವೆ. ಮನೆಯವರ ಮುಖ ನೋಡಿ ಆ ಮಾತು ಹೇಳಿ ಹೊರಡಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🙏