ಕೇಳಿ ತೆಗೆದ ಚಿತ್ರ

ಒಳ್ಳೆಯ ಫೋಟೋಗೆ ದುಬಾರಿ ಕ್ಯಾಮೆರಾ ಬೇಕೆಂದು ನಮ್ಮ ಯುವಜನರು ನಂಬಿದ್ದಾರೆ. ಅದಕ್ಕಿಂತ ಮುಂಚೆ ಬೇಕಾದದ್ದು ಎದುರಿಗಿರುವವರ ಬಗ್ಗೆ ಗೌರವ.

ನಂಜನಗೂಡಿನ ಸ್ನಾನಘಟ್ಟದಲ್ಲಿ, ಕಪಿಲೆ ಕಾವೇರಿಯನ್ನು ಸೇರುವ ತಿ. ನರಸೀಪುರದ ಸಂಗಮದಲ್ಲಿ ಈಗ ಎಲ್ಲರ ಕೈಯಲ್ಲೂ ಮೊಬೈಲ್. ಒದ್ದೆ ಸೀರೆಯಲ್ಲಿ ಮೆಟ್ಟಿಲೇರುವ ತಾಯಿಯ ಚಿತ್ರ ತೆಗೆಯಲು ನಮಗೆ ಹಕ್ಕು ಕೊಟ್ಟವರು ಯಾರು? ಅದು ನಾಲ್ಕು ಜನ ಓಡಾಡುವ ಜಾಗ ಎಂಬ ಮಾತ್ರಕ್ಕೆ ಅವರ ಮಾನ ನಮ್ಮ ಸೊತ್ತಾಗುವುದಿಲ್ಲ.

'ಕೇಳಿದರೆ ಮುಖ ಬಿಗಿಯುತ್ತದೆ, ಸಹಜತೆ ಹೋಗುತ್ತದೆ' ಎನ್ನುವಿರಾ? ನಿಜ. ಆದರೆ ಸ್ವಲ್ಪ ಹೊತ್ತು ಜೊತೆಯಲ್ಲಿ ಕುಳಿತು ಮಾತನಾಡಿ. ಅವರು ಕ್ಯಾಮೆರಾ ಮರೆಯುತ್ತಾರೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ಸಾಮಾನ್ಯ ಜನರನ್ನೂ ಮಕ್ಕಳನ್ನೂ ಚಿತ್ರಿಸಿಯೇ ಹೆಸರಾದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಮಗುವಿನ ಚಿತ್ರ ತೆಗೆಯುವಾಗ ತಂದೆತಾಯಿಯನ್ನು ಕೇಳಿ, ಅದರ ಕಣ್ಣಿನ ಎತ್ತರಕ್ಕೆ ಕೂರಿ. ನಡುಮಧ್ಯಾಹ್ನದ ಬಿಸಿಲಿಗಿಂತ ಬೆಳಗಿನ ಓರೆ ಬೆಳಕು ಮುಖಕ್ಕೆ ಹಿತ. ತೆಗೆದದ್ದನ್ನು ಅವರಿಗೇ ತೋರಿಸಿ. 'ಬೇಡ' ಎಂದರೆ ಅಳಿಸಿಬಿಡಿ. ಪ್ರತಿ ಕೊಡುತ್ತೇನೆಂದು ಮಾತು ಕೊಟ್ಟರೆ ತಪ್ಪದೆ ತಲುಪಿಸಿ.

ಕೊನೆಗೊಂದು ಪರೀಕ್ಷೆ: ಚಿತ್ರದಲ್ಲಿರುವವರು ನಮ್ಮ ತಾಯಿಯೇ ಆಗಿದ್ದರೆ, ಅದನ್ನು ಮನೆಯ ಗೋಡೆಗೆ ಹಾಕುತ್ತಿದ್ದೆವೇ?