ನೆಲವೂ ನೆಲೆಯೂ

ಮನುಷ್ಯನು ಒಂದೂರನ್ನು ಬಿಟ್ಟು ಇನ್ನೊಂದೂರಿಗೆ ಹೋಗುವುದು ಹೊಸದೇನೂ ಅಲ್ಲ. ಹೊಟ್ಟೆಯ ಪಾಡಿಗಾಗಿ ಹೋದವರುಂಟು. ಬರಗಾಲಕ್ಕೆ ಅಂಜಿ ಹೋದವರುಂಟು. ಸತ್ಯವನ್ನರಸಿ ಹೋದವರೂ ಉಂಟು. ಹನ್ನೆರಡನೆಯ ಶತಮಾನದಲ್ಲಿ ನಾನಾ ದಿಕ್ಕುಗಳಿಂದ ಕಲ್ಯಾಣಕ್ಕೆ ಬಂದ ಶರಣರು ಈ ಕೊನೆಯ ಬಗೆಯವರು. ಹೊರಡುವವನ ಕಾಲು ಯಾವ ದಾರಿಯನ್ನು ಹಿಡಿಯಿತೆಂಬುದು ಹೊರಗಿನ ಮಾತು. ಅವನ ಮನಸ್ಸು ಏನನ್ನು ಬಿಟ್ಟಿತು, ಏನನ್ನು ಹೊತ್ತುಕೊಂಡು ಹೋಯಿತು ಎಂಬುದೇ ವಿಚಾರಾರ್ಹವಾದುದು.

ಬಳ್ಳಾರಿಯು ಬೆಟ್ಟ-ಕೋಟೆಗಳ ನಗರ. ಬಿಸಿಲಿಗೆ ಹೆಸರಾದ ಊರು. 1876-78ರ ಮಹಾಕ್ಷಾಮದಲ್ಲಿ ಮದ್ರಾಸು ಪ್ರಾಂತದ ಬಹಳ ನೊಂದ ಜಿಲ್ಲೆಗಳಲ್ಲಿ ಇದೂ ಒಂದು. 1916ರಲ್ಲಿ ಇಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. 1953ರ ಅಕ್ಟೋಬರ್ 1ರಂದು ಊರು ಮೈಸೂರು ರಾಜ್ಯವನ್ನು ಸೇರಿತು. 1961ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರಿನ ಬೆಟ್ಟಗಳ ಅದಿರು ಹಲವರಿಗೆ ದಿಢೀರನೆ ಹಣವನ್ನು ತಂದಿತು; ರಸ್ತೆ, ಮರ, ಮನೆಗಳ ಮೇಲೆ ಕೆಂಧೂಳನ್ನೂ ತಂದಿತು. 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ, ಆ ಹಣವನ್ನೇ ನಂಬಿ ಲಾರಿ ಕೊಂಡವರೂ ಸಾಲ ಮಾಡಿದವರೂ ಒಮ್ಮೆಲೇ ತಬ್ಬಿಬ್ಬಾದರು. ಕೈಯಲ್ಲಿ ಹಣವಿದ್ದರೂ ಮನದಲ್ಲಿ ನೆಮ್ಮದಿ ಇಲ್ಲವೆಂಬ ಮಾತು ನಗರದ ಮನೆ ಮನೆಯಲ್ಲಿ ಕೇಳಿಬರುವುದು ಆಶ್ಚರ್ಯವಲ್ಲ.

ಇಂತಹ ನಗರದಲ್ಲಿ ಐವತ್ತು ದಾಟಿದ ಒಬ್ಬ ಸದ್ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಅವನಿಗೆ ಪೇಟೆಯಲ್ಲಿ ಅಂಗಡಿಯುಂಟು; ಮಗನು ಉದ್ಯೋಗಕ್ಕೆ ಸೇರಿದ್ದಾನೆ; ಮನೆಯಲ್ಲಿ ಮಡದಿಯೂ ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ವೃದ್ಧ ತಾಯಿಯೂ ಇದ್ದಾರೆ. ಅಂಗಡಿಯನ್ನು ಮಾರಿ ಹಳ್ಳಿಯಲ್ಲಿ ನೆಲೆಸಬೇಕು, ಬೆವರು ಸುರಿಸಿ ಉಣ್ಣಬೇಕು, ಉಳಿದ ಆಯುಷ್ಯವನ್ನು ಲಿಂಗಪೂಜೆಯಲ್ಲಿಯೂ ದಾಸೋಹದಲ್ಲಿಯೂ ಕಳೆಯಬೇಕು ಎಂಬುದು ಅವನ ಹಂಬಲ. ಅವನ ಮುಂದೆ ಎರಡು ದಾರಿಗಳು: ಒಂದು ಸಿರುಗುಪ್ಪ, ಇನ್ನೊಂದು ಕುರುಗೋಡು.

ಸಿರುಗುಪ್ಪವು ತುಂಗಭದ್ರೆಯ ಬದಿಯ ಭತ್ತದ ಸೀಮೆ. ವಿಜಯನಗರದ ಕಾಲದ ಕಾಲುವೆಗಳ ಪರಂಪರೆ ಅಲ್ಲಿಯವರೆಗೂ ಹರಿದಿದೆ. 1953ರಿಂದ ಅಣೆಕಟ್ಟಿನ ನೀರು ಈ ಸೀಮೆಗೆ ಹೊಸ ಬಾಳನ್ನು ಕೊಟ್ಟಿತು. ಗದ್ದೆಗಳ ಹಸಿರನ್ನೂ ಅಕ್ಕಿ ಗಿರಣಿಗಳ ಸಾಲನ್ನೂ ಕಂಡವನಿಗೆ ಅನ್ನಪೂರ್ಣೆಯು ಇಲ್ಲಿಯೇ ನೆಲೆಸಿದಂತೆ ತೋರುತ್ತದೆ. ಆದರೆ ನೀರು ಕೊಡುವ ಹೊಳೆಯೇ 2009ರಲ್ಲಿ ನೆರೆಯಾಗಿ ಬಂದು ಊರು ಹೊಲಗಳನ್ನು ನುಂಗಿತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ತೂಬುಗೇಟು ಕೊಚ್ಚಿಹೋದಾಗ, ಸಂಗ್ರಹವಾಗಿದ್ದ ನೀರು ಕಣ್ಣೆದುರಿಗೇ ಹರಿದುಹೋಗುವುದನ್ನು ರೈತರು ನೋಡಬೇಕಾಯಿತು. ಎರೆನೆಲಕ್ಕೆ ಮಿತಿಯಿಲ್ಲದೆ ನೀರು ಹಾಯಿಸಿದ ಕಡೆ ಸವುಳು ಏರಿ ಭೂಮಿಯು ಬಂಜೆಯಾಗುವುದನ್ನೂ, ಕಾಲುವೆಯ ತಲೆಯಲ್ಲಿದ್ದವರು ಹೆಚ್ಚು ಹೀರಿದರೆ ಕೊನೆಯವರಿಗೆ ನೀರು ಮುಟ್ಟದಿರುವುದನ್ನೂ ತುಂಗಭದ್ರೆಯ ಅಚ್ಚುಕಟ್ಟು ಅನುಭವದಿಂದ ಅರಿತಿದೆ.

ಕುರುಗೋಡು ಬಳ್ಳಾರಿಗೆ ಹತ್ತಿರ. ಸಿರುಗುಪ್ಪದ ದಾರಿಯ ಅರ್ಧದಷ್ಟು ಮಾತ್ರ. ಒಂದು ಕಾಲಕ್ಕೆ ಸಿಂದರಸರ ರಾಜಧಾನಿಯಾಗಿದ್ದು, ಇಂದು ತಾಲ್ಲೂಕಿನ ಕೇಂದ್ರವಾಗಿದೆ. ಬೆಟ್ಟದ ಮಗ್ಗುಲಲ್ಲಿ ಹಳೆಯ ಶಿವಾಲಯಗಳಿವೆ. ಏಕಶಿಲೆಯ ಮಹಾನಂದಿಯಾದ ದೊಡ್ಡಬಸವೇಶ್ವರನ ಸನ್ನಿಧಿಯುಂಟು. ಆತನ ರಥೋತ್ಸವಕ್ಕೆ ಸುತ್ತಲಿನ ಊರುಗಳ ಜನರೆಲ್ಲ ಸೇರುತ್ತಾರೆ. ಕಾಲುವೆಯ ನೀರು ಮುಟ್ಟಿದ ಕಡೆ ಭತ್ತ, ಮಿಕ್ಕ ಎರೆಹೊಲಗಳಲ್ಲಿ ಹತ್ತಿ, ಮೆಣಸಿನಕಾಯಿ, ಜೋಳ. ಮೆಣಸಿನಕಾಯಿ ಬೆಳೆದವರು ಬೆಲೆಯನ್ನು ನಂಬಿ ದೂರದ ಬ್ಯಾಡಗಿಯ ಪೇಟೆಗೆ ಹೊರಬೇಕು. ಒಂದು ವರ್ಷ ಬಂಗಾರ, ಮರುವರ್ಷ ಸಾಲ. ಹೀಗೆ ಎರಡು ಸೀಮೆಗಳಲ್ಲಿಯೂ ಗುಣವುಂಟು, ಕೊರತೆಯುಂಟು.

ಗೃಹಸ್ಥನ ಮನಸ್ಸು ಮೊದಲು ಕುರುಗೋಡಿಗೆ ಒಲಿಯಿತು. ಕಾರಣವನ್ನು ಕೇಳಿದರೆ, ಅದು ಪುಣ್ಯಭೂಮಿ ಎಂದನು. ಇಲ್ಲಿ ಶರಣಧರ್ಮದ ತಿಳಿವಳಿಕೆ ಬೇಕಾಗುತ್ತದೆ. ಗುರುವು ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸಿದ ಮೇಲೆ ಭಕ್ತನಿಗೆ ಕ್ಷೇತ್ರವು ಬೇರೆಲ್ಲಿಯೂ ಇಲ್ಲ. ಅಂಗದ ಮೇಲೆ ಲಿಂಗವಿರುವವನು ನಿಂತ ನೆಲವೆಲ್ಲವೂ ಸಮಾನ. ಜಾತ್ರೆಗೆ ಹೋಗಬಾರದೆಂದಲ್ಲ, ಊರಿನ ಮಹಿಮೆಯು ತನ್ನ ನಡತೆಯ ಕೊರತೆಯನ್ನು ತುಂಬಿಕೊಡುವುದೆಂದು ನಂಬಬಾರದು. ಬಳ್ಳಾರಿಯ ಅಂಗಡಿಯಲ್ಲಿ ತಕ್ಕಡಿಯನ್ನು ಸರಿಯಾಗಿ ಹಿಡಿಯದವನು ಕುರುಗೋಡಿನ ಕಣದಲ್ಲಿ ಕೊಳಗವನ್ನು ಸರಿಯಾಗಿ ಅಳೆಯುವನೆಂಬುದಕ್ಕೆ ಭರವಸೆಯೇನು?

ಹಾಗಾದರೆ ಎಲ್ಲ ನೆಲವೂ ಒಂದೇ ಆದ ಮೇಲೆ ನಗರವನ್ನು ಬಿಡುವುದಾದರೂ ಏಕೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆ ನ್ಯಾಯವಾದುದು. ಪೂಜೆಗೆ ನೆಲದ ಭೇದವಿಲ್ಲ, ದಿಟ. ಆದರೆ ಕಾಯಕಕ್ಕೆ ನೆಲ ಬೇಕು, ನೆರೆಹೊರೆ ಬೇಕು. ಯಾವ ಉದ್ಯೋಗದಲ್ಲಿ ದಿನವೂ ಸುಳ್ಳಾಡದೆ ಸಾಗದೋ ಅದನ್ನು ಬಿಟ್ಟು, ಸತ್ಯವಾಗಿ ದುಡಿಯಲು ಸಾಧ್ಯವಾದೆಡೆಗೆ ಹೋಗುವುದು ಪಲಾಯನವಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಮಾರಿದರೆಂದು ಪರಂಪರೆಯು ಹೇಳುತ್ತದೆ. ಅವರ ಹಿರಿಮೆಯು ಅರಮನೆಯನ್ನು ಬಿಟ್ಟುದರಲ್ಲಿ ಮುಗಿಯಲಿಲ್ಲ. ಹೊರೆಯನ್ನು ಹೊತ್ತುದರಲ್ಲಿ ಮೊದಲಾಯಿತು. ಬಿಟ್ಟುದನ್ನು ನೆನೆದು ಬೀಗುವವನು ಇನ್ನೂ ಏನನ್ನೂ ಬಿಟ್ಟವನಲ್ಲ.

ಇಷ್ಟನ್ನು ತಿಳಿದ ಮೇಲೆ ಗೃಹಸ್ಥನು ಸಿರುಗುಪ್ಪದ ಕಡೆಗೆ ತಿರುಗಿದನು. ಅಲ್ಲಿ ಎಂಟು ಎಕರೆ ಗದ್ದೆ ಮಾರಾಟಕ್ಕಿದೆ. ನೀರು ಬಂದರೆ ಎರಡು ಬೆಳೆ. ಕಾನೂನಿನ ತೊಡಕೂ ಇಲ್ಲ. 2020ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾದಾಗ, ಒಕ್ಕಲುತನ ಮಾಡದವರು ಸಾಗುವಳಿ ಭೂಮಿಯನ್ನು ಕೊಳ್ಳಲು ಇದ್ದ ಕಟ್ಟು ಸಡಿಲಿತು. ದರವೂ ಕುದುರಿತು. ಆಗ ಮಡದಿಯು ಒಂದೇ ಮಾತನ್ನು ಕೇಳಿದಳು: “ಈಗ ಆ ಗದ್ದೆಯನ್ನು ಮಾಡುತ್ತಿರುವವರು ಯಾರು? ನಾವು ಹೋದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ?”

ವಿಚಾರಿಸಿದರೆ, ಗದ್ದೆಯ ಒಡೆಯನು ಊರಿನಲ್ಲಿಯೇ ಇಲ್ಲ. ಹತ್ತಾರು ವರ್ಷಗಳಿಂದ ಒಂದು ಬಡ ಕುಟುಂಬವು ಬಾಯಿಮಾತಿನ ಗುತ್ತಿಗೆಯ ಮೇಲೆ ಅದನ್ನು ಮಾಡಿಕೊಂಡು ಬಂದಿದೆ. 1974ರ ತಿದ್ದುಪಡಿಯು ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಲು ಬಂದುದು. ಆದರೆ ಬಾಯಿಮಾತಿಗೆ ಕಾಗದದ ಆಸರೆ ಇರುವುದಿಲ್ಲ. ಕಾಯಿದೆಯ ಕಣ್ಣಿಗೆ ಆ ಕುಟುಂಬವು ಅಲ್ಲಿ ಇಲ್ಲ. ಭಕ್ತನ ಕಣ್ಣಿಗೂ ಇಲ್ಲವೇ?

ಈ ಮಾತು ಆಯ್ದಕ್ಕಿ ಲಕ್ಕಮ್ಮನವರನ್ನು ನೆನಪಿಗೆ ತರುತ್ತದೆ. ಆ ದಂಪತಿಗಳೂ ಊರು ಬಿಟ್ಟು ಬಂದವರೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದನ್ನು ಕಾಯಕವಾಗಿ ಮಾಡಿಕೊಂಡವರು. ಒಂದು ದಿನ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದರು. ಅಕ್ಕಿಯು ಕದ್ದುದಲ್ಲ, ಬೇಡಿ ತಂದುದೂ ಅಲ್ಲ. ಹಾಗಿದ್ದರೂ ಆ ತಾಯಿ ಅದರಲ್ಲಿ ಆಸೆಯ ನೆರಳನ್ನು ಕಂಡರು. ಕಾನೂನಿಗೆ ಒಪ್ಪಿತವಾದುದೆಲ್ಲವೂ ಸದಾಚಾರಕ್ಕೆ ಒಪ್ಪಿತವಾಗುವುದಿಲ್ಲವೆಂಬುದನ್ನು ಇದಕ್ಕಿಂತ ಸರಳವಾಗಿ ಯಾರೂ ಕಲಿಸಲಾರರು.

ನೀನು ಕೊಳ್ಳದಿದ್ದರೆ ಬೇರೊಬ್ಬನು ಕೊಳ್ಳುವನು, ಆ ಕುಟುಂಬಕ್ಕೆ ಅದರಿಂದ ಲಾಭವೇನು ಎಂದು ಲೋಕವು ವಾದಿಸುತ್ತದೆ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ಬೇರೊಬ್ಬನು ಮಾಡಬಹುದಾದ ತಪ್ಪು ತನ್ನ ತಪ್ಪಿಗೆ ರಕ್ಷೆಯಾಗದು. ಆ ಕುಟುಂಬವನ್ನು ಗದ್ದೆಯಲ್ಲಿಯೇ ಉಳಿಸಿಕೊಂಡು ಪಾಲನ್ನು ಪಡೆಯಬಹುದಲ್ಲವೇ ಎಂದರೆ, ಆಗ ಬೆವರು ಅವರದು, ಬೆಳೆ ಇವನದು. ಸ್ವಂತ ಕಾಯಕಕ್ಕೆಂದು ಹೊರಟವನು ಮತ್ತೊಂದು ಅಂಗಡಿಯನ್ನು ತೆರೆದಂತಾಯಿತು.

ನೆಲೆಯನ್ನು ಆರಿಸುವ ಭಕ್ತನು ಮೂರು ಮಾತುಗಳನ್ನು ತೂಗಿ ನೋಡಬೇಕು. ಮೊದಲನೆಯದು, ಅಲ್ಲಿ ತನ್ನ ಕೈಯಿಂದಲೇ ಮಾಡಬಲ್ಲಷ್ಟು ಕೆಲಸವಿದೆಯೇ ಎಂಬುದು. ಮೈ ಹಿಡಿಯದಷ್ಟು ನೆಲವು ಕಾಯಕವಲ್ಲ, ಒಡೆತನ. ಎರಡನೆಯದು, ತಾನು ಕಾಲಿಟ್ಟುದರಿಂದ ಇನ್ನೊಬ್ಬರ ಕಾಲಡಿಯ ನೆಲವು ಜಾರುವುದೇ ಎಂಬುದು. ಮೂರನೆಯದು, ತನ್ನನ್ನು ನಂಬಿದವರನ್ನು ನಡುನೀರಿನಲ್ಲಿ ಬಿಟ್ಟು ಹೋಗುತ್ತಿರುವೆನೇ ಎಂಬುದು. ವೃದ್ಧ ತಾಯಿಯನ್ನು ವೈದ್ಯರಿಂದ ದೂರವೊಯ್ದು ತಾನು ಶಾಂತಿಯನ್ನು ಪಡೆಯುವೆನೆಂಬವನ ಶಾಂತಿಯು ಎಷ್ಟು ದಿನದ್ದು? ಭೃತ್ಯಾಚಾರವು ಮನೆಯ ಹೊಸ್ತಿಲಿನಿಂದಲೇ ಮೊದಲಾಗಬೇಕು.

ಈ ತೂಕದಲ್ಲಿ ಕುರುಗೋಡು ಮತ್ತೆ ಮೇಲಾಗಿ ಕಾಣಿಸಿತು. ಆದರೆ ಈ ಸಲ ಕಾರಣ ಬೇರೆ. ಅಲ್ಲಿ, ಮಕ್ಕಳು ದೂರದಲ್ಲಿ ನೆಲೆನಿಂತ ಮುದುಕನೊಬ್ಬನು ತಾನೇ ಮಾಡುತ್ತಿದ್ದ ಎರಡು ಎಕರೆಯನ್ನು, ಇನ್ನು ಕೈಲಾಗದೆಂದು ಮಾರಲು ಸಿದ್ಧನಿದ್ದನು. ತಾಯಿಯ ಆಸ್ಪತ್ರೆಗೆ ಒಂದು ಗಂಟೆಯ ದಾರಿ. ಬೆಳೆ ಕಡಿಮೆ, ಆದರೆ ಮೂವರ ಊಟಕ್ಕೂ ಬಂದವರಿಗೊಂದು ತುತ್ತಿಗೂ ಸಾಲದೆ ಹೋಗದು. ಸಿರುಗುಪ್ಪದಲ್ಲಿ ಇಂತಹ ನೆಲವು ಸಿಕ್ಕಿ, ಕುರುಗೋಡಿನ ಹೊಲದಲ್ಲಿ ಇನ್ನೊಬ್ಬರ ಬದುಕು ಇದ್ದಿದ್ದರೆ ಮೊದಲೆರಡು ಮಾತುಗಳಲ್ಲಿ ತೂಕವು ಆ ಕಡೆಗೆ ಇಳಿಯುತ್ತಿತ್ತು. ಆಗ ತಾಯಿಯ ಮಾತೊಂದೇ ಉಳಿಯುತ್ತಿತ್ತು, ಆಕೆಯನ್ನು ಕೇಳಿಯೇ ಅದನ್ನು ತೀರ್ಮಾನಿಸಬೇಕಾಗುತ್ತಿತ್ತು. ಹಿರಿದು ಕಿರಿದು ಊರಿನಲ್ಲಿಲ್ಲ.

ಹೋದ ಮೇಲೆಯೂ ಪರೀಕ್ಷೆಯು ಮುಗಿಯದು. ಕಾಲುವೆಯಲ್ಲಿ ತನ್ನ ಸರದಿಗಿಂತ ಹೆಚ್ಚು ಹೊತ್ತು ನೀರು ಕಟ್ಟಿಕೊಂಡರೆ ಕೆಳಗಿನ ಹೊಲದವನ ಪಾಲನ್ನು ಕಸಿದಂತೆ. ಸರದಿ ಮುಗಿಯುತ್ತಲೇ ತಾನಾಗಿ ಎದ್ದು ಮಡೆಯನ್ನು ಬಿಡುವುದೂ ಒಂದು ದಾಸೋಹ. ನಗರವನ್ನು ಬಿಡಲಾರದ ಬಹುಜನ ಗೃಹಸ್ಥರು ಇದರಿಂದ ಕುಂದಬೇಕಾಗಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ಸರಿಯಾದ ತಕ್ಕಡಿಯನ್ನು ಹಿಡಿದು ಕುಳಿತ ಭಕ್ತನೂ ಅದೇ ಕಾಯಕದಲ್ಲಿದ್ದಾನೆ. ಆಸೆಯ ಗಂಟನ್ನು ಹೊತ್ತು ಹೊಳೆಯ ದಡಕ್ಕೆ ಹೋದರೂ ದಾಹವು ತೀರದು. ಅದನ್ನು ಇಳಿಸಿದವನಿಗೆ ನಿಂತ ನೆಲವೇ ನೆಲೆಯಾಗುವುದು.